ಹಳೆ ಪಿಕ್‌ಅಪ್‌ಗೆ ಬೆಲೆ ಕಟ್ಟುವ ಬಗೆ: ಬಸವಕಲ್ಯಾಣ–ಹುಮನಾಬಾದ್ ಪದ್ಧತಿಯ ವಿಮರ್ಶೆ

ಮೂವತ್ತು ನಲವತ್ತು ವರ್ಷ ದುಡಿದ ಪಿಕ್‌ಅಪ್ ಗಾಡಿಗೆ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಬೆಲೆ ನಿಲ್ಲುವುದು ಮೂರು ಲೆಕ್ಕಗಳ ಮೇಲೆ: ಒಡೆದರೆ ಎಷ್ಟು ತೂಗುತ್ತದೆ, ಓಡಿಸಿದರೆ ಎಷ್ಟು ದುಡಿಯುತ್ತದೆ, ಕಾಗದ ಎಷ್ಟು ಚೊಕ್ಕವಾಗಿದೆ. ಈಚೆಗೆ ನಾಲ್ಕನೆಯ ಲೆಕ್ಕವೊಂದು ಸೇರಿಕೊಂಡಿದೆ. ಗಾಡಿಯ ವಯಸ್ಸಿಗೂ ಮೂಲರೂಪಕ್ಕೂ ದುಡ್ಡು ಕೊಡುವ ಸಂಗ್ರಾಹಕನ ಲೆಕ್ಕ ಅದು. ಮೊದಲ ಮೂರನ್ನು ಇಲ್ಲಿನ ಮಿಸ್ತ್ರಿಗಳೂ ದಲ್ಲಾಳಿಗಳೂ ಯಾವ ಕೈಪಿಡಿಯ ಹಂಗಿಲ್ಲದೆ ಬಹುಮಟ್ಟಿಗೆ ಸರಿಯಾಗಿಯೇ ಅಂದಾಜು ಮಾಡುತ್ತಾರೆ. ಪದ್ಧತಿ ಎಡವುವುದು ನಾಲ್ಕನೆಯದರಲ್ಲಿ. ದುಡಿಯುವ ಗಾಡಿಯ ಬೆಲೆಯ ಮೇಲೆ ‘ವಿಂಟೇಜ್’ ಎಂದು ಒಂದಿಷ್ಟು ಏರಿಸಿ ಹೇಳುವ ರೂಢಿ ಬಂದಿದೆ. ಎರಡೂ ಬೆಲೆಗಳು ಒಂದೇ ಗಾಡಿಗೆ ಒಟ್ಟಿಗೆ ಸಲ್ಲುವುದು ಅಪರೂಪ ಎಂಬುದನ್ನು ಈ ರೂಢಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈ ವ್ಯವಹಾರ ಇಲ್ಲಿ ಬೆಳೆದದ್ದು ಹೆದ್ದಾರಿಯಿಂದ. ಪುಣೆ–ಸೊಲ್ಲಾಪುರ–ಹೈದರಾಬಾದ್ ರಸ್ತೆ, ಹಿಂದೆ 9ನೇ ಸಂಖ್ಯೆಯದು, ಈಗ 65, ಎರಡೂ ತಾಲ್ಲೂಕುಗಳನ್ನು ಹಾದುಹೋಗುತ್ತದೆ. ಹುಮನಾಬಾದ್‌ನಲ್ಲಿ ಬೀದರ್–ಕಲಬುರಗಿ ರಸ್ತೆ ಅದನ್ನು ಕೂಡುತ್ತದೆ. ಬಸವಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾದ ಕಡೆಯ ಆಟೋನಗರದಲ್ಲಿ ಲಾರಿ ದುರಸ್ತಿಯೇ ಒಂದು ದೊಡ್ಡ ಕಸುಬು. ಪಶ್ಚಿಮಕ್ಕೆ ಉಮರ್ಗಾ ಮಹಾರಾಷ್ಟ್ರದ್ದು, ಪೂರ್ವಕ್ಕೆ ಜಹೀರಾಬಾದ್ ತೆಲಂಗಾಣದ್ದು. ಹಾಗಾಗಿ ಮೂರು ರಾಜ್ಯಗಳ ನಂಬರಿನ ಗಾಡಿಗಳು ಒಂದೇ ಅಂಗಳದಲ್ಲಿ ನಿಂತಿರುವುದು ಇಲ್ಲಿ ಸಾಮಾನ್ಯ. ಬಿಡಿಭಾಗ ಹುಡುಕುವವರಿಗೆ ಇದು ಅನುಕೂಲ, ಕಾಗದ ನೋಡುವವರಿಗೆ ತಲೆನೋವು.

ಹಳೆ ಪಿಕ್‌ಅಪ್ ಎಂದರೆ ಈ ಸೀಮೆಯಲ್ಲಿ ಕೆಲವೇ ಜಾತಿಗಳು. ಜೀಪಿನ ವಂಶದ ಮಹೀಂದ್ರಾ ಗಾಡಿಗಳು ಮೊದಲನೆಯವು. 1986ರಲ್ಲಿ ಬಂದ ಟಾಟಾ 407, 1988ರ ಟಾಟಾಮೊಬೈಲ್, ಅದರ ಸಂತತಿಯ 207 ಎರಡನೆಯವು. ಪುಣೆಯ ಬಜಾಜ್ ಟೆಂಪೊ ಕಂಪನಿಯ ಮಟಾಡೋರ್ ಇನ್ನೊಂದು. 1980ರ ದಶಕದ ನಡುವಿನಲ್ಲಿ ಜಪಾನಿನ ಕಂಪನಿಗಳ ಸಹಯೋಗದಲ್ಲಿ ನಾಲ್ಕು ಹಗುರ ಟ್ರಕ್ಕುಗಳು ಹುಟ್ಟಿದವು: ಡಿಸಿಎಂ ಟೊಯೋಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸಾನ್. ಕೊನೆಯದು ತಯಾರಾಗುತ್ತಿದ್ದುದು ಇದೇ ಹೆದ್ದಾರಿಯ ಜಹೀರಾಬಾದ್‌ನಲ್ಲಿ. ಆ ಕಾರ್ಖಾನೆ ಮುಂದೆ ಮಹೀಂದ್ರಾ ಕಂಪನಿಯ ಕೈಸೇರಿತು, ಈಗ ಅಲ್ಲಿ ಟ್ರ್ಯಾಕ್ಟರ್ ತಯಾರಾಗುತ್ತದೆ. ಈ ಪ್ರದೇಶದ ಮಟ್ಟಿಗೆ ‘ನಮ್ಮೂರ ಹಳೆ ಗಾಡಿ’ ಎನ್ನಿಸಿಕೊಳ್ಳಬಹುದಾದದ್ದು ಆಲ್ವಿನ್ ನಿಸಾನ್ ಒಂದೇ. ಮಾರುಕಟ್ಟೆಯಲ್ಲಿ ಅದಕ್ಕೆ ಆ ಮರ್ಯಾದೆಯಿಲ್ಲ, ಏಕೆಂದರೆ ಬಿಡಿಭಾಗ ಸಿಗುವುದು ಕಷ್ಟ. 407ಕ್ಕೆ ಯಾವ ಊರಿನಲ್ಲಾದರೂ ಸಾಮಾನು ಸಿಗುತ್ತದೆ, ಆದ್ದರಿಂದಲೇ ಅದರ ಬೆಲೆ ಬೀಳುವುದು ನಿಧಾನ. ದುಡಿಮೆಯ ದೃಷ್ಟಿಯಿಂದ ಇದು ಸರಿಯಾದ ತೀರ್ಮಾನವೇ.

ತಳದ ಬೆಲೆ ತೂಕದಿಂದ ಬರುತ್ತದೆ. ಗಾಡಿ ಒಂದೂಕಾಲು ಟನ್ ತೂಗುತ್ತದೆ, ಗುಜರಿಯ ದರ ಕಿಲೋಗೆ 30 ರೂಪಾಯಿ ಎಂದಿಟ್ಟುಕೊಂಡರೆ 37,500 ರೂಪಾಯಿ ಆಯಿತು. ಇದಕ್ಕೆ ಬಿಡಿಯಾಗಿ ಮಾರಬಹುದಾದ ಗೇರ್ ಬಾಕ್ಸ್, ಹಿಂದಿನ ಹೌಸಿಂಗ್, ಒಳ್ಳೆಯ ಟೈರುಗಳ ಬೆಲೆ ಸೇರುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಗಾಡಿಯನ್ನು ಅಂಗಳದಲ್ಲೇ ಒಡೆಸಿ ನೋಂದಣಿ ರದ್ದು ಮಾಡಿಸದೆ ಬಿಟ್ಟರೆ, ದಾಖಲೆಯಲ್ಲಿ ಅದು ಬದುಕಿಯೇ ಇರುತ್ತದೆ, ತೆರಿಗೆಯ ಬಾಕಿಯೂ ಬೆಳೆಯಬಹುದು. 2021ರ ಗುಜರಿ ನೀತಿಯಂತೆ ನೋಂದಾಯಿತ ಕೇಂದ್ರಕ್ಕೆ ಒಪ್ಪಿಸಿದರೆ ಅಂಥದೇ ಹೊಸ ಗಾಡಿಯ ಷೋರೂಂ ಬೆಲೆಯ ಸುಮಾರು ಶೇ 4ರಿಂದ 6ರಷ್ಟು ಹಣವೂ, ಹೊಸ ವಾಹನ ಕೊಳ್ಳುವಾಗ ಬಳಸಬಹುದಾದ ಠೇವಣಿ ಪ್ರಮಾಣಪತ್ರವೂ ಸಿಗಬೇಕು. ಹೊಸ ಪಿಕ್‌ಅಪ್ ಬೆಲೆ 10 ಲಕ್ಷವಾದರೆ ಇದು 40ರಿಂದ 60 ಸಾವಿರ. ಎರಡರಲ್ಲಿ ಯಾವುದು ಹೆಚ್ಚೋ ಅದೇ ತಳ. ಅದಕ್ಕಿಂತ ಕೆಳಗೆ ಕೇಳುವವನು ಕೊಳ್ಳುವವನಲ್ಲ, ಮಾರುವವನ ಅವಸರವನ್ನು ಅಳೆಯುತ್ತಿರುವವನು.

ಈ ತಳದ ಮೇಲೆ ನಿಲ್ಲುವುದು ದುಡಿಮೆಯ ಬೆಲೆ. ತೊಗರಿ, ಉದ್ದು, ಸೋಯಾ ಮಂಡಿಗೆ ಸಾಗಿಸಲು, ಮನೆ ಕಟ್ಟುವವರಿಗೆ ಮರಳು ಸಿಮೆಂಟು ಮುಟ್ಟಿಸಲು ಹಳೆ ಪಿಕ್‌ಅಪ್ ಸಾಕು. ಆದರೆ ಸರಕು ವಾಹನಕ್ಕೆ ಎಂಟು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಪಾಸಿಂಗ್, ಎಂದರೆ ಫಿಟ್‌ನೆಸ್ ತಪಾಸಣೆ, ಆಗಬೇಕು. 15 ವರ್ಷ ದಾಟಿದ ಗಾಡಿಗಳ ಫಿಟ್‌ನೆಸ್ ಶುಲ್ಕವನ್ನು ಕೇಂದ್ರದ ನಿಯಮ 2022ರ ಏಪ್ರಿಲ್‌ನಿಂದ ಹಲವು ಪಟ್ಟು ಏರಿಸಿತು. ಇದನ್ನು ಮಾಲೀಕರು ಒಮ್ಮೆ ಕಟ್ಟುವ ದಂಡದಂತೆ ಕಾಣುತ್ತಾರೆ, ವಾಸ್ತವದಲ್ಲಿ ಅದು ಪ್ರತಿ ವರ್ಷ ಬೆಲೆಯಿಂದ ಕಳೆಯಬೇಕಾದ ಮೊತ್ತ. ಪಾಸಿಂಗ್‌ಗೆ ಮುನ್ನ ಬಣ್ಣ, ಬ್ರೇಕ್, ಟೈರುಗಳಿಗೆ ಬೀಳುವ ಖರ್ಚೂ ಅದರ ಜೊತೆಗಿದೆ. ಹಾಗಾಗಿ ನಾಳೆ ಪಾಸಿಂಗ್ ಮುಗಿಯುವ ಗಾಡಿಗೂ ನಿನ್ನೆ ಪಾಸಾದ ಗಾಡಿಗೂ ಒಂದೇ ಬೆಲೆ ಹೇಳುವುದು ಅನ್ಯಾಯ. ಇನ್ನೊಂದು ಅಂಶವನ್ನು ಬಹಳ ಮಂದಿ ಮರೆಯುತ್ತಾರೆ: ಸರಕು ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯಡಿ ಪರ್ಮಿಟ್ ಬೇಕಿಲ್ಲ. ಚಿಕ್ಕ ಪಿಕ್‌ಅಪ್‌ಗಳು ಸಾಮಾನ್ಯವಾಗಿ ಈ ಮಿತಿಯೊಳಗೆ ಬರುತ್ತವೆ, ಭಾರಿ ಸಾಮರ್ಥ್ಯದವು ಬರುವುದಿಲ್ಲ.

ಗಾಡಿಯನ್ನು ಪರೀಕ್ಷಿಸುವ ಕ್ರಮದಲ್ಲಿ ಸ್ಥಳೀಯ ಪದ್ಧತಿಯ ಬಲವೂ ದೋಷವೂ ಕಾಣುತ್ತದೆ. ಮಿಸ್ತ್ರಿ ಮೊದಲು ಎಂಜಿನ್ ಚಾಲೂ ಮಾಡಿಸುತ್ತಾನೆ, ಹೊಗೆಯ ಬಣ್ಣ ನೋಡುತ್ತಾನೆ, ಎಣ್ಣೆ ಮುಚ್ಚಳ ತೆಗೆದು ಒತ್ತಡ ಅಂದಾಜು ಮಾಡುತ್ತಾನೆ. ಕಿವಿ ಚುರುಕಾದವನಿಗೆ ಬೇರಿಂಗ್ ಸವೆತವೂ ತಿಳಿಯುತ್ತದೆ. ಇಷ್ಟೆಲ್ಲ ಸರಿ, ಆದರೆ ಎಂಜಿನ್ ಕೆಟ್ಟರೆ ಬದಲಿಸಬಹುದು, ಚಾಸಿ ಕೆಟ್ಟರೆ ಗಾಡಿಯೇ ಹೋಯಿತು. ಬೀದರ್ ಜಿಲ್ಲೆಯ ಒಣಹವೆಯಲ್ಲಿ ಕರಾವಳಿಯಷ್ಟು ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ನಿಜವೇ ಆದರೂ ಅದರಿಂದ ತಪ್ಪು ಧೈರ್ಯ ಬರುತ್ತದೆ. ಇಲ್ಲಿನ ತುಕ್ಕು ಗಾಳಿಯಿಂದಲ್ಲ, ಹೇರಿದ ಸರಕಿನಿಂದ ಬರುತ್ತದೆ. ಯೂರಿಯಾ, ಉಪ್ಪು, ದನಗಳ ಗಂಜಲ ಹಲಗೆಯ ಸಂದಿನಿಂದ ಇಳಿದು ಚಾಸಿಯ ಅಡ್ಡಪಟ್ಟಿಗಳ ಮೇಲೆ ಕೂಡುತ್ತವೆ. ಮೇಲೆ ಹೊಸ ತಗಡು, ಹೊಸ ಬಣ್ಣ, ‘ಹಾರ್ನ್ ಓಕೆ ಪ್ಲೀಸ್’, ಕೆಳಗೆ ಬೆರಳಿಗೆ ಪುಡಿಯಾಗುವ ಕಬ್ಬಿಣ. ಆದ್ದರಿಂದ ಗಾಡಿಯ ಅಡಿಗೆ ಹೋಗಿ ಪಾಟಾ (ಲೀಫ್ ಸ್ಪ್ರಿಂಗ್) ಕೂರುವ ಕೊಂಡಿಗಳು, ಚಾಸಿಯ ವೆಲ್ಡಿಂಗ್ ಗುರುತು, ಪಕ್ಕದ ಉಕ್ಕಿನ ಬಾಗು, ಇವನ್ನು ಎಂಜಿನ್‌ಗೆ ಮೊದಲೇ ನೋಡಬೇಕು. ವರ್ಷಗಟ್ಟಲೆ ಮಿತಿ ಮೀರಿ ಹೇರಿದ ಗಾಡಿಯಲ್ಲಿ ಪಾಟಾದ ಎಲೆಗಳು ಕಮಾನು ಕಳೆದುಕೊಂಡು ನೆಟ್ಟಗಾಗಿರುತ್ತವೆ. ಇದೊಂದೇ ಗುರುತು ಮೀಟರಿನ ಸಂಖ್ಯೆಗಿಂತ ಹೆಚ್ಚು ಸತ್ಯ ಹೇಳುತ್ತದೆ.

ಜೀಪನ್ನು ಹಿಂದೆ ಕತ್ತರಿಸಿ ಪಿಕ್‌ಅಪ್ ಮಾಡಿದ ಗಾಡಿಗಳ ವಿಷಯವೇ ಬೇರೆ. ನೋಡಲು ಕಾರ್ಖಾನೆಯದಕ್ಕಿಂತ ಚೆನ್ನಾಗಿರುವಂಥವೂ ಇವೆ, ಕೆಲಸಗಾರನ ಕೈಚಳಕವನ್ನು ಮೆಚ್ಚಲೇಬೇಕು. ಆದರೆ ಆರ್‌ಸಿಯಲ್ಲಿ ಬಾಡಿಯ ಬಗೆ ಜೀಪ್ ಎಂದೇ ಇದ್ದರೆ ಅದು ಸರಕು ವಾಹನವಲ್ಲ. ನೋಂದಣಿ ವಿವರಕ್ಕೆ ಹೊಂದದ ಮಾರ್ಪಾಡನ್ನು ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. ಸರಕು ಹೇರಿಕೊಂಡು ಅಪಘಾತವಾದರೆ ವಿಮೆ ಕಂಪನಿ ಕೈ ಎತ್ತಲು ಅದೇ ಕಾರಣ ಸಾಕು. ಇಂಥ ಗಾಡಿಗೆ ಜೀಪಿನ ಬೆಲೆಯೂ ಪಿಕ್‌ಅಪ್‌ನ ಬೆಲೆಯೂ ಪೂರ್ತಿ ಸಲ್ಲದು.

ದುಡಿಯುವವನ ಲೆಕ್ಕವೂ ಸಂಗ್ರಾಹಕನ ಲೆಕ್ಕವೂ ನೇರವಾಗಿ ಡಿಕ್ಕಿ ಹೊಡೆಯುವುದು ಎಂಜಿನ್ ವಿಷಯದಲ್ಲಿ. ಹಳೆ ಮಹೀಂದ್ರಾ ಗಾಡಿಗಳಲ್ಲಿ ಮೂಲತಃ ಇದ್ದುದು 2.2 ಲೀಟರ್‌ನ ಹರಿಕೇನ್ ಪೆಟ್ರೋಲ್ ಎಂಜಿನ್. ಡೀಸೆಲ್ ಅಗ್ಗವಾಗಿದ್ದ ಕಾಲದಲ್ಲಿ ಅದನ್ನು ಕಿತ್ತು ಡೀಸೆಲ್ ಎಂಜಿನ್ ಕೂರಿಸುವುದು ಊರೂರಿನಲ್ಲೂ ನಡೆಯಿತು, ಪ್ಯೂಜೊ ವಿನ್ಯಾಸದ ಎಂಜಿನ್ ಬಂದ ಮೇಲೆ ಅದನ್ನು ತಂದು ಹಾಕಿಸಿದವರೂ ಇದ್ದಾರೆ. ರೈತನಿಗೆ ಇದು ಗಾಡಿಯ ಮೌಲ್ಯ ಹೆಚ್ಚಿಸಿದ ಕೆಲಸ, ಅವನು ಅದಕ್ಕೆ ಹೆಚ್ಚು ಕೊಡುವುದು ನ್ಯಾಯ. ಸಂಗ್ರಾಹಕನಿಗೆ ಅದೇ ಕೆಲಸ ಮೌಲ್ಯ ಕಳೆದದ್ದು, ಮೂಲ ಎಂಜಿನ್ ಹುಡುಕಿ ತರುವ ಖರ್ಚನ್ನು ಅವನು ಬೆಲೆಯಿಂದ ಕಳೆಯುವುದೂ ನ್ಯಾಯ. ಹೊಸ ಡೀಸೆಲ್ ಎಂಜಿನ್ ಹಾಕಿದ್ದೇವೆ ಎಂದು ಒಂದಿಷ್ಟು, ಗಾಡಿ ಅರವತ್ತರ ದಶಕದ್ದು ಎಂದು ಮತ್ತೊಂದಿಷ್ಟು ಸೇರಿಸಿ ಹೇಳಿದ ಬೆಲೆಗೆ ಇಬ್ಬರಲ್ಲಿ ಯಾರೂ ಕೊಳ್ಳುವುದಿಲ್ಲ, ಗಾಡಿ ಬೇವಿನ ಮರದಡಿ ನಿಂತೇ ಇರುತ್ತದೆ.

‘ವಿಂಟೇಜ್’ ಎಂಬ ಹಣೆಪಟ್ಟಿಗೆ ಕಾನೂನಿನ ಬಲವಾದರೂ ಇದೆಯೇ ಎಂದರೆ, ಪಿಕ್‌ಅಪ್‌ನ ಮಟ್ಟಿಗೆ ಬಹಳ ಕಡಿಮೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ವಾಹನ ವಿಂಟೇಜ್. ಅದಕ್ಕೆ ‘ವಿಎ’ ಅಕ್ಷರಗಳಿರುವ ನಂಬರು, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಮಾನ್ಯತೆ. ಆದರೆ ಆ ನಿಯಮ ಹೇಳುವುದು ದ್ವಿಚಕ್ರ ವಾಹನಗಳನ್ನೂ ಪ್ರಯಾಣಿಕರ ನಾಲ್ಕು ಚಕ್ರದ ವಾಹನಗಳನ್ನೂ ಕುರಿತು. ಸರಕು ಗಾಡಿಯ ವರ್ಗ ಅದರಲ್ಲಿಲ್ಲ. ನೋಂದಣಿ ಪಡೆದ ವಾಹನವನ್ನೂ ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿಯಂಥ ಕಾರಣಗಳಿಗಲ್ಲದೆ ರಸ್ತೆಗೆ ಇಳಿಸುವಂತಿಲ್ಲ. ಬಾಡಿಗೆಯ ಮಾತಂತೂ ದೂರವೇ ಉಳಿಯಿತು. 2002ರ ಮೋಟಾರು ವಿಮೆ ದರಪಟ್ಟಿಯ ವ್ಯಾಖ್ಯೆ ಇನ್ನೂ ಬಿಗಿ: 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾದ ಕಾರಷ್ಟೇ ವಿಂಟೇಜ್. ಅದೇ ದರಪಟ್ಟಿ ಸಾಮಾನ್ಯ ವಾಹನಗಳ ಸವಕಳಿಯನ್ನು ಐದನೆಯ ವರ್ಷದವರೆಗೆ, ಶೇ 50ರವರೆಗೆ ಮಾತ್ರ ಹೇಳುತ್ತದೆ. ಅದರಾಚೆಗೆ ಕಂಪನಿ ಮತ್ತು ಮಾಲೀಕರು ಒಪ್ಪಿದ ಮೊತ್ತ. ಹೀಗಾಗಿ 1988ರ ಟಾಟಾಮೊಬೈಲ್‌ಗೆ ವಿಮೆ ಪಾಲಿಸಿಯಲ್ಲಿ ಬರೆದ ಅಂಕಿ ತೋರಿಸಿ ಬೆಲೆ ಸಮರ್ಥಿಸುವುದು ಟೊಳ್ಳು ವಾದ.

ಅಮೆರಿಕದಲ್ಲಿ ಹಳೆ ಷೆವ್ರೊಲೆ, ಫೋರ್ಡ್ ಪಿಕ್‌ಅಪ್‌ಗಳಿಗೆ ಸ್ಥಿತಿಯನ್ನು ಒಂದರಿಂದ ನಾಲ್ಕರವರೆಗೆ ಶ್ರೇಣೀಕರಿಸಿ ಬೆಲೆ ಹೇಳುವ ಹ್ಯಾಗರ್ಟಿಯಂಥ ಕೈಪಿಡಿಗಳಿವೆ. ನಡೆದ ಮಾರಾಟಗಳ ದಾಖಲೆ ಅವುಗಳ ಆಧಾರ. ಅಂಥ ದಾಖಲೆ ಇಲ್ಲದ ಕಡೆ ಆ ಅಂಕಿಗಳನ್ನು ರೂಪಾಯಿಗೆ ಪರಿವರ್ತಿಸಿ ಹೇಳುವುದು ಹಾಸ್ಯಾಸ್ಪದ. ಎರವಲು ತರಬೇಕಾದದ್ದು ಸ್ಥಿತಿಯನ್ನು ಮೊದಲು ನಿರ್ಧರಿಸಿ ಬೆಲೆಯನ್ನು ಆಮೇಲೆ ಮಾತಾಡುವ ಕ್ರಮವನ್ನಷ್ಟೆ. ಇಲ್ಲಿನ ರೂಢಿಯಲ್ಲಿ ಬೆಲೆ ಮೊದಲು ಹೊರಬೀಳುತ್ತದೆ, ದೋಷಗಳು ಒಂದೊಂದಾಗಿ ಆಮೇಲೆ.

ಕಾಗದದ ಲೆಕ್ಕ ಉಳಿದೆಲ್ಲವನ್ನೂ ತಲೆಕೆಳಗು ಮಾಡಬಲ್ಲದು. ಬಸವಕಲ್ಯಾಣದ ನೋಂದಣಿ ಗುರುತು ಕೆಎ 56, ಬೀದರ್‌ನದು ಕೆಎ 38. ಇವೆರಡರಲ್ಲೊಂದು ಇದ್ದರೆ ಹೆಸರು ಬದಲಿಸುವುದು ಸುಲಭ. ಸೊಲ್ಲಾಪುರದ ಎಂಎಚ್ 13 ಇದ್ದರೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ, ಕರ್ನಾಟಕದ ತೆರಿಗೆ, ಹೊಸ ನಂಬರು, ಓಡಾಟ ಎಲ್ಲವೂ ಕೊಳ್ಳುವವನ ಪಾಲಿಗೆ. ಬೆಲೆಯಿಂದ ಕಳೆಯಬೇಕಾದ ಈ ಖರ್ಚನ್ನು ‘ಆಮೇಲೆ ನೋಡೋಣ’ ಎಂದು ಮುಂದೂಡುವ ರೂಢಿಯೇ ಓಪನ್ ಫಾರ್ಮ್ ವ್ಯವಹಾರಕ್ಕೆ ದಾರಿ. 29 ಮತ್ತು 30ನೇ ನಮೂನೆಗಳಿಗೆ ಮೂಲ ಮಾಲೀಕನ ಸಹಿ ಪಡೆದು, ಕೊಳ್ಳುವವನ ಹೆಸರು ಖಾಲಿ ಬಿಟ್ಟು, ಗಾಡಿ ಕೈಯಿಂದ ಕೈಗೆ ಸಾಗುತ್ತದೆ. 2018ರಲ್ಲಿ ನವೀನ್ ಕುಮಾರ್–ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಹೀಗೆ ಹಲವು ಕೈ ದಾಟಿದ ವಾಹನವೇ. ಅಪಘಾತದ ಪರಿಹಾರಕ್ಕೆ ನೋಂದಣಿಯಲ್ಲಿ ಹೆಸರಿರುವವನೇ ಹೊಣೆ ಎಂದು ಕೋರ್ಟ್ ಹೇಳಿತು. 2023ರ ಏಪ್ರಿಲ್‌ನಿಂದ ಹಳೆ ವಾಹನ ವ್ಯಾಪಾರಿಗಳು ಸಾರಿಗೆ ಕಚೇರಿಯಿಂದ ಅಧಿಕಾರಪತ್ರ ಪಡೆಯಬೇಕೆಂಬ ನಿಯಮ ಬಂದದ್ದೂ ಈ ಕಾರಣಕ್ಕೇ. ಓಪನ್ ಫಾರ್ಮ್ ಗಾಡಿ ಅಗ್ಗವಾಗಿ ಕಾಣುವುದು ಅದರ ಅಪಾಯದ ಪಾಲನ್ನು ಮಾರುವವನು ಹೊತ್ತಿರುವುದರಿಂದ, ಎಷ್ಟೋ ಸಲ ಅದು ಅವನಿಗೇ ಗೊತ್ತಿರುವುದಿಲ್ಲ.

ದಲ್ಲಾಳಿ ಎರಡೂ ಕಡೆ ಕಮಿಷನ್ ಪಡೆಯುವುದು ಇಲ್ಲಿ ಗುಟ್ಟೇನಲ್ಲ. ಅವನ ಆಸಕ್ತಿ ವ್ಯವಹಾರ ಮುಗಿಯುವುದರಲ್ಲಿ, ಬೆಲೆ ಸರಿಯಾಗುವುದರಲ್ಲಲ್ಲ. ಅದಕ್ಕಾಗಿ ಪರೀಕ್ಷೆಗೆ ಬೇರೆ ಮಿಸ್ತ್ರಿಯನ್ನು ಕರೆದೊಯ್ಯುವುದು, ಹೇರಿದ ಗಾಡಿಯನ್ನೇ ಓಡಿಸಿ ನೋಡುವುದು, ಸಂಚಕಾರ ಕೊಡುವಾಗ ಚೀಟಿಯಲ್ಲಿ ಚಾಸಿ ನಂಬರು, ಎಂಜಿನ್ ನಂಬರು, ಬಾಕಿ ತೆರಿಗೆ ಯಾರದೆಂಬುದನ್ನು ಬರೆಸುವುದು ಬೇಕು. ಹೆಸರು ಬದಲಾಗುವವರೆಗೆ ಒಂದಿಷ್ಟು ಹಣ ಉಳಿಸಿಕೊಳ್ಳುವ ರೂಢಿ ಮಾರುವವನಿಗೂ ಒಳ್ಳೆಯದೇ, ಏಕೆಂದರೆ ಕೊಳ್ಳುವವನು ಕಚೇರಿಗೆ ಬೇಗ ಹೋಗುತ್ತಾನೆ. ಚಾಸಿಯ ಮೇಲಿನ ಅಚ್ಚು ಉಜ್ಜಿದಂತಿದ್ದರೆ, ಅಕ್ಷರಗಳ ಸಾಲು ಡೊಂಕಾಗಿದ್ದರೆ, ಆರ್‌ಸಿಯ ನಂಬರಿಗೆ ತಾಳೆಯಾಗದಿದ್ದರೆ ಬೆಲೆಯ ಮಾತೇ ಇಲ್ಲ. ಅಂಥ ಗಾಡಿಯನ್ನು ತೂಕದ ಲೆಕ್ಕದಲ್ಲಿ ಕೊಂಡರೂ ಕಳವಿನ ಮಾಲು ಕೊಂಡ ಆರೋಪ ಬರಬಹುದು.