ಗುಣಮಟ್ಟದ ಸರ್ಟಿಫಿಕೇಟು ಯಾರ ಕೈಯಾಗ?

ನಮ್ಮ ಮಂದಿಗೆ ಸರ್ಟಿಫಿಕೇಟು ಹೊಸದಲ್ಲ. ಹುಟ್ಟಿದ್ದಕ್ಕೊಂದು, ಜಾತಿಗೊಂದು, ಆದಾಯಕ್ಕೊಂದು, ಸತ್ತದ್ದಕ್ಕೊಂದು. ಆಳಂದ ತಾಲ್ಲೂಕಿನ ಲಂಬಾಣಿ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗಡಿಯಾಚೆ ಅಕ್ಕಲಕೋಟದಲ್ಲಿರುವ ಅವನ ಬೀಗ ವಿಮುಕ್ತ ಜಾತಿ. ತೆಲಂಗಾಣದ ಬಂಧು ಪರಿಶಿಷ್ಟ ಪಂಗಡ. ರಕ್ತ ಒಂದೇ, ಹಸಿವು ಒಂದೇ, ಕಾಗದ ಮಾತ್ರ ಮೂರು. 2002ರಲ್ಲಿ ನಂಜುಂಡಪ್ಪ ಸಮಿತಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅದೂ ಒಂದು ಸರ್ಟಿಫಿಕೇಟೇ. ಇವೆಲ್ಲದರಲ್ಲೂ ನಾವು ಅರ್ಜಿದಾರರು, ಸಹಿ ಹಾಕುವವರು ಬೇರೆ.

ಈಗ ಗುಣಮಟ್ಟ ನಿರ್ವಹಣೆಯ ಸರ್ಟಿಫಿಕೇಟಿನ ಕಾಲ. ಕೇರಳದಲ್ಲಿ ನೂರಾರು ಗ್ರಾಮ ಪಂಚಾಯತಿಗಳು ಐಎಸ್ಒ 9001 ಪಡೆದಿವೆ. ನಮ್ಮ ಮೂರು ತಾಲ್ಲೂಕುಗಳ ಪಂಚಾಯತಿಗೆ, ತಾಂಡಾಕ್ಕೆ, ಹೆಣ್ಣುಮಕ್ಕಳ ಸಂಘಕ್ಕೆ ಇದು ಬೇಕೇನು? ಬೇಕಾದರೆ ಯಾವ ತಯಾರಿಯಿಂದ? ಕಥೆ, ಕಾದಂಬರಿಯನ್ನು ಹೇಗೆ ವಿಮರ್ಶೆಗೆ ಒಡ್ಡುತ್ತೇವೆಯೋ ಹಾಗೆಯೇ ಈ ಐಎಸ್ಒ ಎಂಬ ಕೃತಿಯನ್ನೂ ಒಡ್ಡಿ ನೋಡಬೇಕೆಂದು ನಾವು ಭಾವಿಸಿದ್ದೇವೆ.

ಮೊದಲು ಇದರ ಹುಟ್ಟು. ಅಮೆರಿಕ, ಬ್ರಿಟನ್ನುಗಳ ಸೇನೆಗಳು ತಮಗೆ ಸಾಮಾನು ಮಾರುವ ಕಾರ್ಖಾನೆಗಳಿಗೆ ಹಾಕಿದ ಷರತ್ತುಗಳಲ್ಲಿ ಇದರ ಬೇರಿದೆ. 1979ರಲ್ಲಿ ಬ್ರಿಟನ್ನು ಬಿಎಸ್ 5750 ಎಂಬ ಮಾನಕ ಮಾಡಿತು. 1987ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒ 9000 ಸರಣಿ ಹೊರತಂದಿತು; 1994, 2000, 2008, 2015ರಲ್ಲಿ ತಿದ್ದಿತು. ಆ ಸಂಸ್ಥೆ ತಾನಾಗಿ ಯಾರಿಗೂ ಸರ್ಟಿಫಿಕೇಟು ಕೊಡುವುದಿಲ್ಲ. ಕೊಡುವವು ಬೇರೆ ಪ್ರಮಾಣೀಕರಣ ಸಂಸ್ಥೆಗಳು. ಅವು ಫೀ ತಗೊಳ್ಳುತ್ತವೆ, ಪರಿಶೋಧಕರನ್ನು ಕಳಿಸುತ್ತವೆ. ಕಾಗದದ ಬಾಳಿಕೆ ಮೂರು ವರ್ಷ, ನಡುವೆ ವರ್ಷಕ್ಕೊಮ್ಮೆ ತಪಾಸಣೆ. ತಪಾಸಣೆಗೆ ಒಳಗಾಗುವವನೇ ತಪಾಸಿಗನ ಫೀ ಕಟ್ಟುತ್ತಾನೆ ಎಂಬುದನ್ನು ಓದುಗರು ಮರೆಯಬಾರದು.

ಈ ಕೃತಿಯ ನಾಯಕ ‘ಗ್ರಾಹಕ’. ಅವನ ಬೇಡಿಕೆ, ಅವನ ತೃಪ್ತಿಯ ಸುತ್ತ ಇಡೀ ಗ್ರಂಥ ತಿರುಗುತ್ತದೆ. ಅಂಗಡಿಗೆ ಈ ಮಾತು ಸರಿ. ಆದರೆ ಕೇರಿಯ ನಲ್ಲಿಗೆ ನೀರು ಬರದಿದ್ದರೆ ‘ಈ ಪಂಚಾಯತಿ ಬ್ಯಾಡ, ಬಾಜೂ ಊರಿನ ಪಂಚಾಯತಿ ಕೊಡ್ರಿ’ ಅನ್ನಲಿಕ್ಕೆ ಬರ್ತದೇನು? ನಾವು ಪಂಚಾಯತಿಯ ಗಿರಾಕಿಗಳಲ್ಲ, ಅದರ ಒಡೆಯರು. ಇನ್ನು ತೃಪ್ತಿಯ ಮಾತು. ಕಚೇರಿಗೆ ಬಂದವರ ಕೈಗೆ ಫಾರಂ ಕೊಟ್ಟು ಅಭಿಪ್ರಾಯ ಬರೆಸಿದರೆ, ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂಡುವ ಧೈರ್ಯ ಇರುವವನು ಬರೆಯುತ್ತಾನೆ. ಹೊಸ್ತಿಲಾಚೆ ನಿಂತು ‘ಎಪ್ಪಾ, ನನ್ನ ಪಿಂಚಣಿ ಏನಾತ್ರಿ’ ಅಂತ ಕೇಳುವ ಮುದುಕಿಯ ಅತೃಪ್ತಿ ಯಾವ ಫಾರಮ್ಮಿನಲ್ಲೂ ಬೀಳುವುದಿಲ್ಲ. ಆಮೇಲೆ ನೂರಕ್ಕೆ ತೊಂಬತ್ತು ಮಂದಿ ತೃಪ್ತರು ಎಂದು ಗೋಡೆಗೆ ಫ್ರೇಮು ಹಾಕಿದರೆ ಅದು ಸುಳ್ಳಿನ ಗುಣಮಟ್ಟ.

ಹಾಗೆಂದು ಕೃತಿಯನ್ನು ತಿಪ್ಪೆಗೆ ಎಸೆಯುವ ಅವಸರ ನಮಗಿಲ್ಲ. 2015ರ ಆವೃತ್ತಿಯ ನಾಲ್ಕನೇ ಅಧ್ಯಾಯ, ಸಂಸ್ಥೆಗೆ ‘ಸಂಬಂಧಪಟ್ಟವರು’ ಯಾರು, ಅವರಿಗೆ ಬೇಕಾದ್ದೇನು ಎಂದು ಮೊದಲೇ ಗುರುತಿಸಬೇಕು ಎನ್ನುತ್ತದೆ. ಒಂಬತ್ತನೆಯದು ಒಳ ಪರಿಶೋಧನೆ ಕೇಳುತ್ತದೆ. ಹತ್ತನೆಯದು, ತಪ್ಪಾದರೆ ಅದನ್ನು ದಾಖಲಿಸಿ, ಕಾರಣ ಹುಡುಕಿ, ಮತ್ತೆ ಆಗದಂತೆ ಸರಿಪಡಿಸಬೇಕು ಎನ್ನುತ್ತದೆ. ಈ ಮೂರು ಅಧ್ಯಾಯ ನಮ್ಮ ಕೈಗೆ ಸಿಕ್ಕ ಕುಡಗೋಲು ಇದ್ದಂತೆ. ಬೆಳೆ ಕೊಯ್ಯುವವರು ನಾವಾದರೆ ಮಾತ್ರ ಕುಡಗೋಲಿಗೆ ಅರ್ಥ.

ಕೆನಡಾದ ನೋವಾ ಸ್ಕೋಶಿಯಾದಲ್ಲಿ ಮೆಂಬರ್ಟೂ ಎಂಬ ಮಿಕ್ಮಾಕ್ ಆದಿವಾಸಿಗಳ ನೆಲೆ ಇದೆ. ಸಿಡ್ನಿ ಪಟ್ಟಣದ ಬಂದರಿನ ಹತ್ತಿರ ಇದ್ದ ಆ ಜನರನ್ನು ಎಬ್ಬಿಸಬೇಕೆಂದು 1916ರಲ್ಲಿ ಕೋರ್ಟು ಹೇಳಿತು. 1926ರಲ್ಲಿ ಅವರನ್ನು ಬೇರೆಡೆಗೆ ಸಾಗಿಸಲಾಯಿತು. ಊರಾಚೆ ತಳ್ಳುವ ಕಥೆ ನಮಗೆ ಬಿಡಿಸಿ ಹೇಳಬೇಕಿಲ್ಲ. 1990ರ ದಶಕದಲ್ಲಿ ಕೊರತೆಯಲ್ಲಿ ಮುಳುಗಿದ್ದ ಆ ಸಮುದಾಯದ ಸರ್ಕಾರ, ಮುಂದಿನ ದಶಕದ ಮೊದಲಲ್ಲೇ ಐಎಸ್ಒ 9001 ಪಡೆಯಿತು. ದೊಡ್ಡ ಕಂಪನಿಗಳು ಒಪ್ಪಂದಕ್ಕೆ ಬಂದವು, ಸಮುದಾಯದ ವ್ಯಾಪಾರ ಬೆಳೆಯಿತು. ಇದು ಸಣ್ಣ ಸಾಧನೆಯಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಕಂಪನಿಗಳಿಗೆ ನಂಬಿಕೆ ಬರಲಿ ಎಂದು ಆದಿವಾಸಿ ಕಾಗದ ತೋರಿಸಿದ, ಆದಿವಾಸಿಗೆ ನಂಬಿಕೆ ಬರಲಿ ಎಂದು ಕಂಪನಿಗಳು ಯಾವ ಕಾಗದ ತೋರಿಸಿದವು?

ಮೆಂಬರ್ಟೂ ಜನರಿಗೆ ತಮ್ಮದೇ ಆಯ್ಕೆಯ ಮುಖ್ಯಸ್ಥ, ಮಂಡಳಿ, ಖಜಾನೆ ಇತ್ತು. ನಮ್ಮ ತಾಂಡಾಕ್ಕೆ ಏನಿದೆ? ನಾಯಕ, ಡಾವ, ಕಾರಭಾರಿ ಕೂಡಿ ನ್ಯಾಯ ಮಾಡುವ ಹಳೆಯ ಪದ್ಧತಿ ಇದೆ, ಅದಕ್ಕೆ ಖಜಾನೆ ಇಲ್ಲ. ಆ ಪದ್ಧತಿಯನ್ನೂ ನಾವು ತಲೆಯ ಮೇಲೆ ಹೊತ್ತು ಕುಣಿಯಲಾರೆವು; ಆ ಕಟ್ಟೆಯ ಮೇಲೆ ಹೆಣ್ಣುಮಕ್ಕಳಿಗೆ ಜಾಗ ಇರಲಿಲ್ಲ. ಖಜಾನೆ ಇರುವುದು ಗ್ರಾಮ ಪಂಚಾಯತಿಯಲ್ಲಿ, ಅಲ್ಲಿ ತಾಂಡಾ ಒಂದು ಮೂಲೆ. 2023ರ ಜನವರಿ 19ರಂದು ಮಳಖೇಡದಲ್ಲಿ ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ಸುಮಾರು 1475 ದಾಖಲೆಯಿಲ್ಲದ ವಸತಿಗಳು ಕಂದಾಯ ಗ್ರಾಮಗಳಾದವು. ಅಲ್ಲಿಯವರೆಗೆ ಸರ್ಕಾರದ ಪುಸ್ತಕದಲ್ಲಿ ಅವು ಊರೇ ಆಗಿರಲಿಲ್ಲ. ಪುಸ್ತಕದಲ್ಲೇ ಇಲ್ಲದವರು ‘ಸಂಬಂಧಪಟ್ಟವರ’ ಪಟ್ಟಿಯಲ್ಲಿ ತಾವಾಗಿ ಬಂದು ಕೂಡುವುದಿಲ್ಲ. ಕೂಡಿಸಬೇಕು.

ಇನ್ನು ವ್ಯಾಪಾರ. ‘ಗುಲ್ಬರ್ಗಾ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನೆಲದ ಹೆಸರಿಗೆ ಬೆಲೆ ಬಂತು, ಸಂತೋಷ. 1999ರ ಕಾಯ್ದೆಯ ಪ್ರಕಾರ ಆ ಗುರುತು ಬಳಸಲು ಅಧಿಕೃತ ಬಳಕೆದಾರ ಎಂದು ನೋಂದಾಯಿಸಬೇಕು. ನೋಂದಾಯಿಸಲು ಹೊಲ ಬೇಕು, ಗಿರಣಿ ಬೇಕು, ಇಲ್ಲವೇ ವ್ಯಾಪಾರ ಬೇಕು. ಪರರ ಹೊಲದಲ್ಲಿ ತೊಗರಿ ಕೊಯ್ದು, ಬಡಿದು, ತೂರುವ ಕೂಲಿ ಹೆಣ್ಣುಮಗಳ ಹೆಸರಿಗೆ ಅಲ್ಲಿ ಕಾಲಮ್ಮಿಲ್ಲ.

ರೊಟ್ಟಿಯ ಪ್ರಶ್ನೆ ಇದಕ್ಕಿಂತ ಆಳದ್ದು. ಜಿಲ್ಲಾಡಳಿತ ಸ್ವಸಹಾಯ ಸಂಘಗಳ ಮಹಿಳೆಯರು ಬಡಿದ ಜೋಳದ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿಟ್ಟು ಮಾರುಕಟ್ಟೆಗೆ ತಂದಿದೆ. ಒಳ್ಳೆಯ ಕೆಲಸ. ನಾವು ಕೇಳುವುದು ಇಷ್ಟೇ: ಹೊಲಗೇರಿಯ, ಮಾದಿಗರ ಓಣಿಯ ಅವ್ವ ಬಡಿದ ರೊಟ್ಟಿಯನ್ನು ಅದೇ ಊರಿನ ಮೇಲಿನ ಓಣಿಯವರು ಬುಟ್ಟಿಯಿಂದ ಎತ್ತಿ ತಿಂತಾರೇನು? ಪಾಕೀಟಿನಲ್ಲಿ ಹೋದರೆ ಬೆಂಗಳೂರಿನವರು ತಿಂತಾರ, ಯಾಕಂದರೆ ಪಾಕೀಟಿನ ಮೇಲೆ ಕೈ ಕಾಣಂಗಿಲ್ಲ. ಇಲ್ಲಿ ಗೆದ್ದದ್ದು ಗುಣಮಟ್ಟವೋ, ಮರೆಮಾಚುವಿಕೆಯೋ?

ಮೈಲಿಗೆ ಬೇರೆ, ಕೊಳೆ ಬೇರೆ. ಕೊಳೆ ಸಾಬೂನಿಗೆ ಹೋಗುತ್ತದೆ. ಮೈಲಿಗೆ ಅನ್ನುವವನು ಕೈ ತೊಳೆದದ್ದನ್ನು ನೋಡುವುದಿಲ್ಲ, ಕೈ ಯಾರದು ಎಂದು ಕೇಳುತ್ತಾನೆ. 2006ರ ಆಹಾರ ಸುರಕ್ಷತೆ ಕಾಯ್ದೆಯಾಗಲಿ, ಐಎಸ್ಒ ಆಗಲಿ, ಕೇಳುವುದು ತೊಳೆದ ಕೈಯನ್ನು. ಶುದ್ಧಿಯ ಹಕ್ಕು ಹುಟ್ಟಿನಿಂದ ಬರುತ್ತದೆಂಬ ಸುಳ್ಳಿನ ಎದುರು, ಯಾರು ಬೇಕಾದರೂ ಕಲಿತು ಪಾಲಿಸಬಹುದಾದ ಲಿಖಿತ ನಿಯಮ ನಿಲ್ಲುತ್ತದೆ. ಈ ಒಂದು ಕಾರಣಕ್ಕಾದರೂ ನಮ್ಮ ಸಂಘಗಳಿಗೆ ಇಂಥ ಸರ್ಟಿಫಿಕೇಟು ಬೇಕು ಎನ್ನುತ್ತೇವೆ. ಸಂಘದ ಹೆಸರು, ಓಣಿಯ ಹೆಸರು ಪಾಕೀಟಿನ ಮೇಲೆ ದಪ್ಪಕ್ಷರದಲ್ಲಿರಬೇಕು.

ಹಾಗಾದರೆ ತಯಾರಿ ಹೇಗೆ? ಜಿನೀವಾದವರೆಗೆ ಹೋಗುವ ಮೊದಲು ಮನೆಯಲ್ಲಿರುವುದನ್ನು ಎಣಿಸೋಣ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ವಾರ್ಡ್ ಸಭೆ, ಗ್ರಾಮಸಭೆ, ಸಾಮಾಜಿಕ ನ್ಯಾಯ ಸಮಿತಿ ಇವೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಮು ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೆ ಒಪ್ಪಿಸಿತ್ತು. ಅದೇ 2005ರಲ್ಲಿ ಭಾರತೀಯ ಮಾನಕ ಬ್ಯೂರೋ ಸಾರ್ವಜನಿಕ ಸೇವೆಗಳಿಗೆಂದೇ ಐಎಸ್ 15700 ಮಾಡಿತು. 2011ರ ಸಕಾಲ ಕಾಯ್ದೆ ತಡವಾದ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಬರೆದಿಟ್ಟಿತು. ಆ 20 ರೂಪಾಯಿಯನ್ನು ಕೈಯಾರೆ ಎಣಿಸಿಕೊಂಡ ಕೂಲಿಕಾರ ನಿಮ್ಮ ಊರಾಗ ಇದ್ದಾನೇನು, ಕೇಳಿ ನೋಡಿ.

ಮೊದಲ ಸಭೆ ಪಂಚಾಯತಿ ಕಟ್ಟಡದಲ್ಲಲ್ಲ, ಕೇರಿಯಲ್ಲಿ, ತಾಂಡಾದಲ್ಲಿ ಕೂಡಬೇಕು. ‘ಸಂಬಂಧಪಟ್ಟವರ’ ಪಟ್ಟಿ ಅಲ್ಲೇ ಬರೆಯಬೇಕು. ದುಡಿಯಲು ಪುಣೆ, ಮುಂಬೈಗೆ ಹೋದ ಮಂದಿ ಹೋಳಿಗೆ, ದೀಪಾವಳಿಗೆ ತಾಂಡಾಕ್ಕೆ ಬರುತ್ತಾರೆ. ಸಭೆ ಆಗ ಇಡಬೇಕು, ತೊಗರಿ ಕೊಯ್ಲಿನ ನಡುವೆ ಅಲ್ಲ. ದಾಖಲೆ ಕನ್ನಡದಲ್ಲಿರಬೇಕು, ತಾಂಡಾದಲ್ಲಿ ಲಂಬಾಣಿ ಮಾತಿನಲ್ಲಿ ಓದಿ ಹೇಳಬೇಕು. ಒಳ ಪರಿಶೋಧಕರಾಗಿ ಕೇರಿಯ ಪಿಯುಸಿ ಓದಿದ ಹುಡುಗ ಹುಡುಗಿಯರನ್ನು ಕೂಡಿಸಬೇಕು, ಕಲಿಸುವ ಹೊಣೆ ಊರಿನ ಮೇಷ್ಟ್ರುಗಳು ಹೊರಬೇಕು. ಕಸ ಗುಡಿಸುವವರ, ನೀರು ಬಿಡುವವರ ಸಂಬಳ ಬಾಕಿ ಇದೆಯೋ ಇಲ್ಲವೋ ಎಂಬುದೇ ತಪಾಸಣೆಯ ಮೊದಲ ಪ್ರಶ್ನೆಯಾಗಬೇಕು. ನೀರು ಯಾವ ಓಣಿಗೆ ಎಷ್ಟು ಹೊತ್ತು ಬಂತೆಂಬ ವಹಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಸರ್ಟಿಫಿಕೇಟಿನ ಫೀ ಎಂದು ಪರಿಶಿಷ್ಟರಿಗೆ ಮೀಸಲಾದ ಹಣದಿಂದ ಒಂದು ರೂಪಾಯಿಯನ್ನೂ ಮುಟ್ಟಕೂಡದು.

ಒಂದು ಎಚ್ಚರಿಕೆ. ತಪ್ಪುಗಳ ವಹಿಯಲ್ಲಿ ‘ಹೋಟೆಲಿನಲ್ಲಿ ಬೇರೆ ಲೋಟ’ ಎಂದು ಬರೆದು, ‘ತಿಳಿವಳಿಕೆ ಹೇಳಲಾಯಿತು’ ಎಂದು ಮುಚ್ಚಿಬಿಡುವ ಚಾಲಾಕಿ ನಡೆಯಬಹುದು. ಅಸ್ಪೃಶ್ಯತೆ ಸೇವೆಯ ಕೊರತೆಯಲ್ಲ, ಅಪರಾಧ. ಅದಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಪೊಲೀಸ್ ಠಾಣೆ ಇದೆ. ಅದು ಐಎಸ್ಒ ವಹಿಯಲ್ಲಿ ಕರಗಿ ಹೋಗಬಾರದು.

ಇಷ್ಟಾದ ಮೇಲೆ ಹೊರಗಿನ ಪರಿಶೋಧಕ ಬರಲಿ. ಅವನನ್ನು ಮೊದಲು ಪಿಡಿಒ ಖೋಲಿಗೆ ಕರಕೊಂಡು ಹೋಗಿ ಚಹಾ ಕುಡಿಸಬೇಡಿ. ಕೇರಿಗೆ ಕರಕೊಂಡು ಬನ್ನಿ, ನಮ್ಮ ಲೋಟದಾಗ ನಮ್ಮ ನಲ್ಲಿಯ ನೀರು ಕೊಡಿ. ಅವನು ಕುಡಿದರೆ ತಪಾಸಣೆ ಸುರುವಾಗಲಿ.