ಅಚ್ಚಯ್ಯನವರ ಆಹಾರೇತಿಹಾಸ: ಇಡ್ಡಲಿಗೆಯ ಮೂಲವಿಚಾರ

ಅರಸರ ವಂಶಾವಳಿಗೂ ಯುದ್ಧಗಳಿಗೂ ಮೀಸಲಾಗಿದ್ದ ಚರಿತ್ರೆಯನ್ನು ಹೊಲ, ಗಾಣ, ಒಲೆಗಳ ಬಳಿಗೆ ತಂದ ವಿದ್ವಾಂಸರಲ್ಲಿ ಡಾ. ಕೆ. ಟಿ. ಅಚ್ಚಯ್ಯನವರು (1923–2002) ಗಣ್ಯರು. ಕೊಳ್ಳೇಗಾಲದಲ್ಲಿ ಜನಿಸಿದ ಇವರು ಮೊದಲು ಎಣ್ಣೆಗಳ ರಸಾಯನಶಾಸ್ತ್ರದಲ್ಲಿ ಪರಿಣತರು. ಹೈದರಾಬಾದಿನ ಪ್ರಾದೇಶಿಕ ಸಂಶೋಧನಾಲಯದಲ್ಲಿ ಬಹುಕಾಲ ದುಡಿದವರು. ಎಣ್ಣೆಬೀಜಗಳ ಚರಿತ್ರೆಯನ್ನು 1990ರಲ್ಲಿಯೂ, ಭಾರತೀಯ ಆಹಾರದ ಇತಿಹಾಸವನ್ನು 1994ರಲ್ಲಿಯೂ, ಅದರ ಕೋಶವನ್ನು 1998ರಲ್ಲಿಯೂ ಇಂಗ್ಲಿಷಿನಲ್ಲಿ ಪ್ರಕಟಿಸಿದರು.

ಹೆಸರು ಹಳೆಯದಾದಮಾತ್ರಕ್ಕೆ ತಿನಿಸೂ ಹಳೆಯದೆಂದು ಒಪ್ಪದಿರುವುದು ಇವರ ವಿಶೇಷ ಗುಣ. ಇದಕ್ಕೆ ಇಡ್ಡಲಿಗೆಯ ವಿಚಾರವೇ ಉತ್ತಮ ನಿದರ್ಶನ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಅದರ ಹೆಸರಿರುವುದು. 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರವು ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಸಂಬಾರಗಳನ್ನೂ ಬೆರಸುವ ಕ್ರಮವನ್ನು ಹೇಳುವುದು. ಹನ್ನೆರಡನೆಯ ಶತಮಾನದ ಮಾನಸೋಲ್ಲಾಸದಲ್ಲಿಯೂ ಉದ್ದಿನ ಹಿಟ್ಟೇ ಪ್ರಧಾನ. ಅಕ್ಕಿಯ ಬೆರಕೆ, ಹಿಟ್ಟನ್ನು ಬಹುಹೊತ್ತು ಹುಳಿಯಿಸುವುದು, ಹಬೆಯಲ್ಲಿ ಬೇಯಿಸುವುದು—ಈ ಮೂರೂ ಅಲ್ಲಿ ಕಾಣುವುದಿಲ್ಲವೆಂದು ತೋರಿಸಿ, ಇವು ಇಂಡೋನೇಷ್ಯದ ದ್ವೀಪಗಳಿಂದ ಬಂದಿರಬಹುದೆಂದು ಅಚ್ಚಯ್ಯನವರು ಊಹಿಸಿದರು.

ನಾಡಿನ ಅಭಿಮಾನದಿಂದ ಈ ಊಹೆಯನ್ನು ತಳ್ಳಿಹಾಕುವುದು ಯುಕ್ತವಲ್ಲ. ಆದರೆ ಪ್ರಮಾಣದೃಷ್ಟಿಯಿಂದ ಇದು ದುರ್ಬಲವೆನ್ನದೆ ವಿಧಿಯಿಲ್ಲ. ಗ್ರಂಥದ ಮೌನವು ಆಚರಣೆಯ ಅಭಾವವಲ್ಲ. ರುಬ್ಬಿದ ಹಿಟ್ಟು ಸೆಕೆಯ ನಾಡಿನಲ್ಲಿ ರಾತ್ರಿ ಕಳೆಯುವುದರೊಳಗೆ ತಾನಾಗಿಯೇ ಹುಳಿಯುವುದು. ತಾನಾಗಿ ಆಗುವುದನ್ನು ಗ್ರಂಥಕಾರನು ಬಿಡಿಸಿ ಹೇಳದಿದ್ದುದು ಸೋಜಿಗವಲ್ಲ. ಹಬೆಗೆ ಬೇರೆ ಪಾತ್ರೆಯೇ ಬೇಕೆಂಬುದೂ ಇಲ್ಲ: ನೀರು ಕುದಿಯುವ ಗಡಿಗೆಯ ಬಾಯಿಗೆ ತೆಳುವಾದ ಬಟ್ಟೆಯನ್ನು ಕಟ್ಟಿದರೆ ಸಾಕು. ಬಟ್ಟೆಯು ನಶಿಸುವುದು, ಉಳಿದ ಗಡಿಗೆಯು ಅನ್ನದ ಗಡಿಗೆಯಂತೆಯೇ ಕಾಣುವುದು. ಮೇಲಾಗಿ, ಕನ್ನಡ ಗ್ರಂಥಗಳನ್ನು ಅಳೆದ ಕೋಲಿನಿಂದಲೇ ದ್ವೀಪಗಳನ್ನೂ ಅಳೆಯಬೇಕು: ಉದ್ದೂ ಅಕ್ಕಿಯೂ ಕೂಡಿದ ಹುಳಿಹಿಟ್ಟನ್ನು ಅಲ್ಲಿ ಆ ಕಾಲದಲ್ಲಿ ಹಬೆಯಲ್ಲಿ ಬೇಯಿಸುತ್ತಿದ್ದರೆಂಬುದಕ್ಕೆ ಬರೆಹದ ಆಧಾರ ಬೇಕು. ಒಂದು ಕಡೆ ಲಿಖಿತಪ್ರಮಾಣವನ್ನು ಕೇಳಿ, ಮತ್ತೊಂದು ಕಡೆ ಸಂಭವವೊಂದರಿಂದಲೇ ತೃಪ್ತಿಪಡುವುದು ನ್ಯಾಯವಲ್ಲ.

ಆದರೂ ಈ ಆಕ್ಷೇಪಣೆಗೆ ಆಯುಧವನ್ನೊದಗಿಸಿದವರು ಅಚ್ಚಯ್ಯನವರೇ. ತಿನಿಸನ್ನು ಧಾನ್ಯ, ಕ್ರಿಯೆ, ಪಾತ್ರೆಗಳೆಂದು ಬಿಡಿಸಿ ನೋಡುವ ಅವರ ಕ್ರಮವಿಲ್ಲದಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಉತ್ತರವನ್ನು ಇನ್ನು ಕಾವ್ಯಗಳಲ್ಲಿ ಮಾತ್ರವೇ ಅರಸಿದರೆ ಸಾಲದು. ದೇವಾಲಯಗಳ ನೈವೇದ್ಯವನ್ನು ವಿಧಿಸುವ ಶಾಸನಗಳನ್ನೂ, ಉತ್ಖನನದಲ್ಲಿ ದೊರೆತ ಮಡಕೆಯ ಚೂರುಗಳನ್ನೂ ಅದೇ ಶಿಸ್ತಿನಿಂದ ಪರಿಶೀಲಿಸಬೇಕು. ಅವರ ಊಹೆ ನಿಲ್ಲದಿದ್ದರೂ ಅವರ ಮಾರ್ಗ ನಿಲ್ಲುವುದು.