ತೆರಿಗೆಯೋ, ಶುಲ್ಕವೋ?

ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದಾಗ ಒಂದು ಕಚೇರಿಯ ಗೋಡೆಯ ಮೇಲೆ "ತೆರಿಗೆ ಶುಲ್ಕ ಪಾವತಿಸುವ ಕೌಂಟರ್" ಎಂಬ ಬರಹ ಕಂಡೆ. ಯಾವ ಊರು, ಯಾವ ಕಚೇರಿ ಎಂಬುದು ಬೇಡ. ಇಪ್ಪತ್ತು ವರ್ಷ ಸರ್ಕಾರಿ ಕಡತಗಳ ನಡುವೆ ಗುಮಾಸ್ತಿಕೆ ಮಾಡಿದ ನನಗೆ ಅನ್ನದಲ್ಲಿ ಕಲ್ಲು ಸಿಕ್ಕಂತಾಯಿತು. ನಾನು ಓದಿದ್ದು ವಿಜ್ಞಾನ, ಭಾಷಾಶಾಸ್ತ್ರವಲ್ಲ, ವಾಚಕರು ಮನ್ನಿಸಬೇಕು.

ತೆರಿಗೆ ಅಚ್ಚಗನ್ನಡದ ಮಾತು. 'ತೆರು' ಎಂದರೆ ಸಲ್ಲಿಸು. ದಂಡ ತೆರುತ್ತೇವೆ, ತಪ್ಪಿಗೆ ಬೆಲೆ ತೆರುತ್ತೇವೆ. ಹಳೆಯ ಶಾಸನಗಳಲ್ಲಿ ಇದೇ 'ತೆರೆ': ಮನೆದೆರೆ, ಗಾಣದೆರೆ, ಮದುವೆದೆರೆ. (ಮದುವೆಗೂ ತೆರಿಗೆಯೇ ಎಂದು ಹೆಣ್ಣು ಹೆತ್ತವರು ನಕ್ಕಾರು!) ತೆತ್ತದ್ದಕ್ಕೆ ಪ್ರತಿಯಾಗಿ ಇಂಥದನ್ನೇ ಕೊಡಿ ಎಂದು ಕೇಳುವ ಹಕ್ಕು ಈ ಮಾತಿನಲ್ಲಿಲ್ಲ.

ಶುಲ್ಕದ ಕಥೆ ಬೇರೆ. ಸಂಸ್ಕೃತದ ಈ ಶಬ್ದ ನಮ್ಮಲ್ಲಿ 'ಸುಂಕ'ವೆಂಬ ತದ್ಭವವಾಗಿ ಸುಂಕದಕಟ್ಟೆಯಲ್ಲಿ ಕುಳಿತು, "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ" ಎಂಬ ಗಾದೆಗೂ ಹತ್ತಿತು. ಮೂಲರೂಪವೋ ಶಾಲೆಯ ಫೀಜಿಗೆ, ಅರ್ಜಿಯ ಫೀಜಿಗೆ ಮೀಸಲಾಯಿತು. ಹಿಂದಿ ಮರಾಠಿಗಳ ಸರ್ಕಾರಿ ಬರಹದಲ್ಲಿ ಕಸ್ಟಮ್ಸಿಗೂ ಫೀಜಿಗೂ ಶುಲ್ಕವೇ ಗತಿ. ನಮಗೆ ಎರಡು ಮಾತುಂಟು. ಆದರೂ ಹಿಂದಿ ಪ್ರತಿಯನ್ನು ಮುಂದಿಟ್ಟುಕೊಂಡು ಭಾಷಾಂತರಿಸುವವರು 'ಸೀಮಾ ಶುಲ್ಕ' ಎಂದು ಬರೆದು ಕೈಲಿದ್ದ ಅನುಕೂಲವನ್ನು ಕಳೆಯುತ್ತಾರೆ.

ಇದು ಬರೀ ಪಂಡಿತರ ಜಗಳವಲ್ಲ. ಉಡುಪಿಯ ಶಿರೂರು ಮಠದ ಮೊಕದ್ದಮೆಯನ್ನು ನೋಡಿ. ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು. ಅಲ್ಲಿನ 1951ರ ಧಾರ್ಮಿಕ ದತ್ತಿ ಕಾಯಿದೆಯಂತೆ ಮಠ, ದೇವಸ್ಥಾನಗಳು ವರಮಾನದಲ್ಲಿ ನೂರಕ್ಕೆ 5ರವರೆಗೆ ಸರ್ಕಾರಕ್ಕೆ ಕೊಡಬೇಕಿತ್ತು. ನಾವು ಮಾಡುವ ಸೇವೆಗೆ ಇದು ಫೀಜು ಎಂದಿತು ಸರ್ಕಾರ. 1954ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಹಣ ಸಾಮಾನ್ಯ ಬೊಕ್ಕಸಕ್ಕೆ ಸೇರುತ್ತದೆ, ಸೇವೆಯ ಖರ್ಚಿಗೂ ಅದಕ್ಕೂ ತಾಳೆಯಿಲ್ಲ. ಆದ್ದರಿಂದ ಇದು ತೆರಿಗೆಯೇ, ಇಂಥ ತೆರಿಗೆ ಹಾಕುವ ಅಧಿಕಾರ ರಾಜ್ಯದ ಶಾಸನಸಭೆಗಿಲ್ಲ ಎಂದಿತು. ಒಂದು ಪದದ ಅರ್ಥ ನಿಶ್ಚಯವಾದದ್ದರಿಂದ ಒಂದು ವಸೂಲಿಯೇ ಬಿದ್ದುಹೋಯಿತು. ಮುಂದಿನ ತೀರ್ಪುಗಳು ಸೇವೆಗೂ ಫೀಜಿಗೂ ಇರಬೇಕಾದ ತಾಳೆಯನ್ನು ಸಡಿಲಿಸಿವೆ, ನಿಜ, ಭೇದವನ್ನು ಅಳಿಸಿಲ್ಲ.

ಹಣ ಕಟ್ಟುವಾಗ ಆ ಕೌಂಟರಿನಲ್ಲಿ ಕೇಳಿಯೇಬಿಟ್ಟೆ: "ಸ್ವಾಮಿ, ಇದು ತೆರಿಗೆಯೋ, ಶುಲ್ಕವೋ?"

ಒಳಗಿದ್ದವರು ತಲೆಯೆತ್ತಲಿಲ್ಲ. "ಯಾವುದಾದರೇನ್ರೀ, ಚಿಲ್ಲರೆ ಕೊಡಿ" ಎಂದರು.